ತೀರ್ಪು ಬಂದ ಮೇಲೂ ಕೇಳಬೇಕಾದ ಲೆಕ್ಕ

ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಗಾತ್ರ ಹೊರಬಿದ್ದದ್ದು ಶಾಲೆಯ ಮಕ್ಕಳೂ ಮಾಡಬಲ್ಲ ಒಂದು ಕಳೆಯುವ ಲೆಕ್ಕದಿಂದ. ಹಡಗೇರಿದ ಕಬ್ಬಿಣದ ಅದಿರು ಎಷ್ಟು ಎಂಬುದು ಬಂದರುಗಳ ದಾಖಲೆಯಲ್ಲಿತ್ತು. ಸಾಗಣೆಗೆ ಪರ್ಮಿಟ್ ಕೊಟ್ಟದ್ದು ಎಷ್ಟು ಎಂಬುದು ಗಣಿ ಮತ್ತು ಅರಣ್ಯ ಇಲಾಖೆಗಳ ಪುಸ್ತಕದಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ 2006ರಿಂದ 2010ರವರೆಗೆ ಹೊರಹೋದ 2.98 ಕೋಟಿ ಟನ್ ಅದಿರಿಗೆ ಪರ್ಮಿಟ್ಟೇ ಇರಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸರ್ಕಾರಕ್ಕೆ ಒಪ್ಪಿಸಿದ ವರದಿ ಆ ಅದಿರಿನ ಬೆಲೆಯನ್ನು 12,228 ಕೋಟಿ ರೂಪಾಯಿ ಎಂದು ಕಟ್ಟಿತು. ಬೊಕ್ಕಸಕ್ಕೆ ಆದ ಒಟ್ಟು ನಷ್ಟ 16,085 ಕೋಟಿ ಎಂದಿತು.

ಆ ಎರಡು ಪುಸ್ತಕಗಳೂ ಸರ್ಕಾರದ್ದೇ ಆಗಿದ್ದವು. ಪಕ್ಕಪಕ್ಕ ಇಟ್ಟು ನೋಡುವವರು ಬೇಕಿತ್ತು. ಅಧಿಕಾರಿಗಳಿಗೂ ಕಂಪನಿಗಳಿಗೂ ಜನ ಲೆಕ್ಕ ಕೇಳುವುದು ಎಂದರೆ ಏನು ಎಂಬುದನ್ನು ಈ ದತ್ತಿ ಉಪನ್ಯಾಸ ಇಲ್ಲಿಂದಲೇ ಶುರುಮಾಡುತ್ತದೆ. ಈ ವಿಷಯದಲ್ಲಿ ಬಳ್ಳಾರಿ ಜಿಲ್ಲೆ ಇಡೀ ದೇಶಕ್ಕೆ ಪಾಠ ಹೇಳಬಲ್ಲ ಸ್ಥಿತಿಯಲ್ಲಿದೆ. ಆ ಪಾಠದ ಮೊದಲರ್ಧ ಮಾತ್ರ ಇಲ್ಲಿ ಪೂರ್ತಿಯಾಗಿದೆ. ಉಳಿದರ್ಧ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಜನರ ಕೈಯಲ್ಲಿದೆ.

ಪರ್ಮಿಟ್ ಎಂಬ ಆ ಕಾಗದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಣಿಯಿಂದ ಹೊರಡುವ ಪ್ರತಿ ಲಾರಿಗೂ ಒಂದು ಚೀಟಿ. ಯಾವ ಗಣಿ, ಎಷ್ಟು ಟನ್, ಯಾವ ಊರಿಗೆ, ಯಾವ ದಿನ, ಲಾರಿಯ ನಂಬರ್ ಎಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಕಾಡಿನ ಜಾಗದಿಂದ ಬಂದ ಅದಿರಾದರೆ ಅರಣ್ಯ ಇಲಾಖೆಯ ಪಾಸ್ ಬೇರೆ. ಆ ವರ್ಷಗಳಲ್ಲಿ ಲಾರಿಗಳು ಚೀಟಿಯಲ್ಲಿ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ತೂಕ ಹೊತ್ತು ಓಡಿದವು. ಚೀಟಿಯೇ ಇಲ್ಲದೆ ಓಡಿದವೂ ಬಹಳ. ಚೆಕ್‌ಪೋಸ್ಟ್‌ಗಳಲ್ಲಿ ಯಾರೂ ತಡೆಯದ ಹಾಗೆ ನೋಡಿಕೊಳ್ಳಲು ಗಣಿ ಮಾಲೀಕರಿಂದ ಅದಿರಿನಲ್ಲೇ ಪಾಲು ಪಡೆಯುವ ಒಂದು ವ್ಯವಸ್ಥೆ ಬೆಳೆದಿತ್ತು. ವರದಿಯಲ್ಲಿ ಅದಕ್ಕಿರುವ ಹೆಸರು 'ಜೀರೋ ರಿಸ್ಕ್'. ಭಾರತೀಯ ಅರಣ್ಯ ಸೇವೆಯ ಯು.ವಿ. ಸಿಂಗ್ ಮತ್ತು ಅವರ ತಂಡ ಈ ಚೀಟಿಗಳನ್ನು, ತೂಕದ ಪಟ್ಟಿಗಳನ್ನು, ಲಂಚದ ಲೆಕ್ಕ ಬರೆದಿಟ್ಟ ಕಡತಗಳನ್ನು ಒಂದೊಂದಾಗಿ ಬಿಡಿಸಿತು. ಅನುಬಂಧಗಳೂ ಸೇರಿ ವರದಿ 25 ಸಾವಿರ ಪುಟ ದಾಟಿತು. ಏಳುನೂರಕ್ಕೂ ಹೆಚ್ಚು ಅಧಿಕಾರಿಗಳ ಹೆಸರು ಅದರಲ್ಲಿ ಬಂತು.

ಇಷ್ಟು ದೊಡ್ಡ ದುರಾಸೆಗೆ ಕಾರಣ ಬೆಲೆಯ ಅಂತರ. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಅದಿರಿನ ಬೆಲೆಯನ್ನು ಟನ್ನಿಗೆ ಸಾವಿರಾರು ರೂಪಾಯಿಗೆ ಏರಿಸಿತು. ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಬೆಲೆಯ ಶೇ 10ರಷ್ಟು ರಾಜಧನ ಎಂಬ ನಿಯಮ ಬಂದದ್ದು 2009ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಸಂಡೂರಿನ ಗುಡ್ಡಗಳು ಸಾಕಷ್ಟು ಬಗೆದುಹೋಗಿದ್ದವು.

ಲೋಕಾಯುಕ್ತಕ್ಕೆ ಈ ತನಿಖೆಯನ್ನು 2007ರ ಮಾರ್ಚ್‌ನಲ್ಲಿ ವಹಿಸಿದ್ದು ರಾಜ್ಯ ಸರ್ಕಾರವೇ. ಮೊದಲ ವರದಿ 2008ರ ಡಿಸೆಂಬರ್ 18ಕ್ಕೆ ಬಂದಿತು. ಅದು ಕಡತದಲ್ಲಿ ಮಲಗಿತು. ಲೋಕಾಯುಕ್ತರು ಶಿಫಾರಸು ಮಾಡಬಲ್ಲರು, ಜಾರಿ ಸರ್ಕಾರದ ಕೈಯಲ್ಲಿ. ವರದಿ ಬಂದ ಹೊತ್ತಿನ ಸರ್ಕಾರದಲ್ಲಿ ಗಣಿ ಮಾಲೀಕರೇ ಮಂತ್ರಿಗಳಾಗಿ ಕೂತಿದ್ದರು. ಆ ಬೀಗ ಒಡೆದದ್ದು ನಾಗರಿಕ ಸಂಘಟನೆಯೊಂದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ರಿಟ್ ಅರ್ಜಿ ಸಂಖ್ಯೆ 562/2009. ವಾದಿಸಿದವರು ಪ್ರಶಾಂತ್ ಭೂಷಣ್. ನ್ಯಾಯಾಲಯ ತನ್ನ ಕೇಂದ್ರ ಉನ್ನತಾಧಿಕಾರ ಸಮಿತಿಯನ್ನು ಬಳ್ಳಾರಿಗೆ ಕಳಿಸಿತು. ಸಮಿತಿಯ ವರದಿ ಮುಂದಿಟ್ಟುಕೊಂಡು 2011ರ ಜುಲೈ 29ರಂದು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ತಡೆ ಬಿತ್ತು.

ಹಿರೇಮಠರ ಬಳಗ ಈ ಕೆಲಸಕ್ಕೆ ಹೊಸಬರಾಗಿರಲಿಲ್ಲ. ಅಮೆರಿಕದ ಉದ್ಯೋಗ ಬಿಟ್ಟು 1979ರಲ್ಲಿ ಊರಿಗೆ ಮರಳಿದ ಹಿರೇಮಠರು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸಕ್ಕೆ ನಿಂತರು. 1984ರಲ್ಲಿ ಸಮುದಾಯ ಹುಟ್ಟಿತು. ಮೊದಲ ಜಗಳ ತುಂಗಭದ್ರೆಯದ್ದೇ. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಕೊಳೆನೀರಿನಿಂದ ಕೆಳದಂಡೆಯ ಊರುಗಳಲ್ಲಿ ಮೀನು ಸತ್ತು ತೇಲಿದ ಕಾಲ ಅದು. ಅದೇ ಕಾರ್ಖಾನೆಗೆ ನೀಲಗಿರಿ ಒದಗಿಸಲು ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಕಟ್ಟಿ, ನಾಲ್ಕು ಜಿಲ್ಲೆಗಳಲ್ಲಿ ಊರಿನ ದನ ಮೇಯುವ 30 ಸಾವಿರ ಹೆಕ್ಟೇರ್ ಜಾಗವನ್ನು ಅದಕ್ಕೆ ಗುರುತಿಸಿದಾಗ, ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಎಂದೇ ಅದು ಹೆಸರಾಯಿತು. ಆ ಸಂಸ್ಥೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ಬೀದಿಯಲ್ಲಿ ಜನ, ಕೋರ್ಟಿನಲ್ಲಿ ಕಾಗದ, ಎರಡೂ ಒಟ್ಟಿಗೆ ನಡೆಯಬೇಕು ಎಂಬ ರೀತಿ ಬಳ್ಳಾರಿಗೆ ಬಂದದ್ದು ಕುಸನೂರಿನ ದಾರಿಯಿಂದ. ಹರಿಹರದ ಕೆಳಗೆ ಹರಿದ ಅದೇ ನೀರು ಮುಂದೆ ಸಿರುಗುಪ್ಪದ ಗದ್ದೆಗೆ ಬರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಲೆಕ್ಕ ಕೇಳಿದವರೆಲ್ಲ ಸ್ವಾರ್ಥವಿಲ್ಲದ ಸಮಾಜಸೇವಕರೇ ಆಗಿದ್ದರು ಎಂದೇನಿಲ್ಲ. ಕರ್ನಾಟಕ–ಆಂಧ್ರ ಗಡಿಯ ಗುರುತುಗಳನ್ನೇ ಅಳಿಸಿ ಅದಿರು ತೆಗೆದ ಸಂಗತಿಯನ್ನು ಪಟ್ಟುಹಿಡಿದು ಎತ್ತಿದ ಟಪಾಲ್ ಗಣೇಶ್ ಸ್ವತಃ ಗಣಿ ಮಾಲೀಕರ ಮನೆಯವರು. ತಮ್ಮ ಗಣಿಯ ಜಾಗ ಒತ್ತುವರಿಯಾಯಿತು ಎಂಬುದು ಅವರ ದೂರು. ಅವರು ಎತ್ತಿದ ಪ್ರಶ್ನೆಗೆ ಇದರಿಂದ ಬೆಲೆ ಕಡಿಮೆಯಾಗುವುದಿಲ್ಲ. ಕೇಳಿದವರ ಉದ್ದೇಶ ಏನೇ ಇರಲಿ, ದಾಖಲೆ ಸರಿಯಿದೆಯೇ ಎಂಬುದನ್ನು ಮಾತ್ರ ನೋಡುವ ಸಂಸ್ಥೆ ಇದ್ದರೆ ಸಾಕು.

2013ರ ಏಪ್ರಿಲ್ 18ರ ತೀರ್ಪು ಈ ಕಥೆಯ ಎತ್ತರದ ಜಾಗ. ಮೂರು ಜಿಲ್ಲೆಗಳ 166 ಗಣಿ ಗುತ್ತಿಗೆಗಳನ್ನು ಅಳೆದು ಎ, ಬಿ, ಸಿ ಎಂದು ವಿಂಗಡಿಸಲಾಗಿತ್ತು. ಗಡಿಯಾಚೆಗೆ ತೀರಾ ಹೆಚ್ಚು ಅಗೆದಿದ್ದ 49 'ಸಿ' ಗುತ್ತಿಗೆಗಳು ರದ್ದಾದವು. 'ಬಿ' ಗುಂಪಿನವರು ಗಡಿ ಮೀರಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿ ಮೀರಿ ಸುರಿದ ಮಣ್ಣಿನ ರಾಶಿಗೆ ಹೆಕ್ಟೇರಿಗೆ 1 ಕೋಟಿ ದಂಡ ಕಟ್ಟಬೇಕಾಯಿತು. ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅದಿರು ಇ–ಹರಾಜಿನಲ್ಲಷ್ಟೇ ಮಾರಾಟ, ವರ್ಷಕ್ಕೆ ಬಳ್ಳಾರಿಯಲ್ಲಿ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರಿನಲ್ಲಿ 50 ಲಕ್ಷ ಟನ್ ಎಂಬ ಮಿತಿ ಬಂತು. ಜನರ ಅರ್ಜಿಯೊಂದು ಇಡೀ ಉದ್ಯಮದ ನಡೆಯನ್ನು ಹೀಗೆ ತಿದ್ದಿದ ಉದಾಹರಣೆ ದೇಶದಲ್ಲಿ ಹೆಚ್ಚಿಲ್ಲ.

ಇದರ ಬೆಲೆ ತೆತ್ತವರ ಮಾತೂ ಬರಬೇಕು. ಗಣಿ ನಿಂತಾಗ ಸಾಲ ಮಾಡಿ ಲಾರಿ ಕೊಂಡಿದ್ದವರು, ಡ್ರೈವರ್–ಕ್ಲೀನರ್‌ಗಳು, ಅದಿರು ಒಡೆಯುವ ಕೂಲಿಯವರು, ಹೆದ್ದಾರಿಯ ಢಾಬಾದವರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಅಕ್ರಮದಲ್ಲಿ ಅವರ ಪಾಲು ದಿನದ ಕೂಲಿಯಷ್ಟೇ. ಶಿಕ್ಷೆ ಮೊದಲು ಮುಟ್ಟಿದ್ದು ಅವರಿಗೆ, ದೊಡ್ಡವರ ಮೊಕದ್ದಮೆಗಳು ವರ್ಷಗಟ್ಟಲೆ ಎಳೆದಾಡಿದವು.

ಆ ಎಳೆದಾಟಕ್ಕೆ ಬೇಲೆಕೇರಿ ಬಂದರಿನ ಪ್ರಕರಣ ಒಳ್ಳೆಯ ಸಾಕ್ಷಿ. 2010ರ ಮಾರ್ಚ್ 20ರಂದು ಅರಣ್ಯ ಇಲಾಖೆ ಆ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿ ಮಾಡಿತು. ಕೆಲವೇ ತಿಂಗಳಲ್ಲಿ ಅದರ ಬಹುಪಾಲು ಹಡಗೇರಿ ಹೋಗಿತ್ತು. ಜಪ್ತಿ ಮಾಡಿದ ಅಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟಾಗ ಸಂತೋಷ್ ಹೆಗ್ಡೆ ಜೂನ್ 23ರಂದು ರಾಜೀನಾಮೆ ಕೊಟ್ಟು, ಜುಲೈ 3ರಂದು ಹಿಂಪಡೆದರು. ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ 7 ವರ್ಷದ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಓಬಳಾಪುರಂ ಗಣಿ ಪ್ರಕರಣದಲ್ಲಿ, ಮಂತ್ರಿಯಾಗಿದ್ದ ಗಣಿ ಮಾಲೀಕರಲ್ಲೊಬ್ಬರಾದ ಗಾಲಿ ಜನಾರ್ದನ ರೆಡ್ಡಿಯವರ ಬಂಧನವಾದದ್ದು 2011ರ ಸೆಪ್ಟೆಂಬರ್ 5ರಂದು. ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು 7 ವರ್ಷದ ಶಿಕ್ಷೆ ಕೊಟ್ಟದ್ದು 2025ರ ಮೇ 6ರಂದು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನೂ ಅಮಾನತಿನಲ್ಲಿಟ್ಟಿತು. ಲೋಕಾಯುಕ್ತ ವರದಿಯ ಬೆನ್ನಿಗೇ ಮುಖ್ಯಮಂತ್ರಿ ಸ್ಥಾನ ಬಿಟ್ಟ ಬಿ.ಎಸ್. ಯಡಿಯೂರಪ್ಪ, ಗಣಿ ಕಂಪನಿಗಳಿಂದ ದೇಣಿಗೆ ಪಡೆದ ಮೊಕದ್ದಮೆಯಲ್ಲಿ 2016ರ ಅಕ್ಟೋಬರ್ 26ರಂದು ಖುಲಾಸೆಯಾದರು. ಹದಿನೈದು ವರ್ಷವಾದರೂ ಮುಗಿಯದ ಈ ಪ್ರಕರಣಗಳನ್ನೇ ನೆಚ್ಚಿಕೊಂಡು ಜನ ಕೂತರೆ ಆಗುವುದಿಲ್ಲ. ಶಿಕ್ಷೆಯ ದಾರಿ ಬೇರೆ, ಲೆಕ್ಕದ ದಾರಿ ಬೇರೆ. ಎರಡನೆಯ ದಾರಿಯಲ್ಲಿ ನಡೆಯಲು ಯಾವ ನ್ಯಾಯಾಧೀಶರ ಅಪ್ಪಣೆಯೂ ಬೇಕಿಲ್ಲ.

ಆ ದಾರಿ ಈಗ ಹಣದ ಹಿಂದೆ ಹೋಗುತ್ತದೆ. ಗಣಿಬಾಧಿತ ಪ್ರದೇಶ ಸರಿಪಡಿಸಲೆಂದು ಸುಪ್ರೀಂ ಕೋರ್ಟ್ ದಂಡದಿಂದಲೂ ಹರಾಜಿನ ಪಾಲಿನಿಂದಲೂ ಕೂಡಿಡಿಸಿದ ಮೊತ್ತ 18 ಸಾವಿರ ಕೋಟಿ ರೂಪಾಯಿ ದಾಟಿತ್ತು. ಅದನ್ನು ಖರ್ಚುಮಾಡಲು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ನಿಗಮ ಹುಟ್ಟಿದರೂ ಹಣ ಬ್ಯಾಂಕಿನಲ್ಲೇ ಉಳಿಯಿತು. 2022ರ ಏಪ್ರಿಲ್ 21ರಂದು ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲೆ ಯೋಜನೆಗಳು ಹೊರಬರತೊಡಗಿದವು. ಇದರ ಪಕ್ಕದಲ್ಲೇ ಇನ್ನೊಂದು ಖಜಾನೆ ಇದೆ: ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಹಳೆಯ ಗುತ್ತಿಗೆದಾರ ತಾನು ಕಟ್ಟುವ ರಾಜಧನದ ಮೇಲೆ ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವನು ಶೇ 10ರಷ್ಟನ್ನು ಇದಕ್ಕೆ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೆ ಹಣದ ಬಹುಪಾಲು ಹೋಗಬೇಕು. ವಾರ್ಷಿಕ ಯೋಜನೆ, ಖರ್ಚು, ಲೆಕ್ಕಪರಿಶೋಧನೆ ಎಲ್ಲವೂ ಸಾರ್ವಜನಿಕರಿಗೆ ಕಾಣುವಂತಿರಬೇಕು ಎಂದು ನಿಯಮವೇ ಹೇಳುತ್ತದೆ.

ಸಿರುಗುಪ್ಪ, ಕುರುಗೋಡಿನ ಜನ ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಈ ತಾಲ್ಲೂಕುಗಳಲ್ಲಿ ಅದಿರಿನ ಗುಡ್ಡಗಳಿಲ್ಲ, ಭತ್ತದ ಗದ್ದೆ, ಹತ್ತಿ, ಮೆಣಸಿನಕಾಯಿ ಹೊಲಗಳಿವೆ. ನೇರ ಬಾಧಿತ ಪ್ರದೇಶ, ಪರೋಕ್ಷ ಬಾಧಿತ ಪ್ರದೇಶ ಎಂಬ ವಿಂಗಡಣೆಯ ನೆರಳಿನಲ್ಲಿ ಖನಿಜ ನಿಧಿಯ ಹಣ ಎಲ್ಲ ಕಡೆಗೂ ಹರಿಯಬಲ್ಲದು. ಆದರೆ ಸಂಡೂರಿನ ಗಣಿ ದೂಳು ಕುಡಿದ ಹಳ್ಳಿಯಲ್ಲಿ ಶುದ್ಧ ನೀರಿಲ್ಲದಿರುವಾಗ ದೂರದ ಊರಿನ ವೃತ್ತಕ್ಕೆ ದೀಪಾಲಂಕಾರ ಕೇಳುವುದು ಸರಿಯಲ್ಲ. ಮೊದಲ ಹಕ್ಕು ಗಣಿಯ ಬಾಯಲ್ಲಿರುವವರದ್ದು. ಹಾಗೆಂದು ಉಳಿದವರು ಸುಮ್ಮನಿರಬೇಕಿಲ್ಲ. ಸಂಡೂರಿಗೆ ಹೋಗಬೇಕಾದ ಹಣ ಸಂಡೂರಿಗೇ ಹೋಯಿತೇ ಎಂದು ಕೇಳುವ ಹಕ್ಕು ಕುರುಗೋಡಿನವರಿಗೂ ಇದೆ.

ಸಿರುಗುಪ್ಪ ಸೀಮೆಯ ಸ್ವಂತದ ಜಗಳ ನೀರಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಣೆಕಟ್ಟೆಯಲ್ಲಿ ನೀರು ತುಂಬಿದ್ದ ಹೊತ್ತು. ಗೇಟಿನ ಮೇಲಿನ ಒತ್ತಡ ಇಳಿಸಲು ಹತ್ತಾರು ಟಿಎಂಸಿ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ನೇತೃತ್ವದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ತಡೆಫಲಕ (ಸ್ಟಾಪ್‌ಲಾಗ್) ಕೂಡಿಸಿದ್ದು ಸಾಹಸದ ಕೆಲಸ. ಹರಿಯುವ ನೀರಿನಲ್ಲಿ ಇಳಿದು ಕೆಲಸ ಮಾಡಿದವರಿಗೆ ಇಡೀ ಸೀಮೆ ಋಣಿ. ರೈತರ ಪ್ರಶ್ನೆ ಮಾತ್ರ ಉಳಿಯಿತು. 1953ರಿಂದ ನೀರು ನಿಲ್ಲಿಸಿದ ಅಣೆಕಟ್ಟೆಯ 33 ಗೇಟುಗಳ ವಯಸ್ಸು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ತಪಾಸಣೆ ಮಾಡಿದವರು ಯಾರು? ಏನು ಬರೆದರು? ಬರೆದದ್ದನ್ನು ಓದಿದವರು ಯಾರು?

ಉತ್ತರ ಸಿಗದಿರುವುದಕ್ಕೆ ಕಾರಣ ವ್ಯವಸ್ಥೆಯಲ್ಲೇ ಇದೆ. ಅಣೆಕಟ್ಟೆ ನೋಡಿಕೊಳ್ಳುವುದು 1953ರ ಆಂಧ್ರ ರಾಜ್ಯ ಕಾಯ್ದೆಯಡಿ ಹುಟ್ಟಿದ ತುಂಗಭದ್ರಾ ಮಂಡಳಿ. ಅಧ್ಯಕ್ಷರು ಕೇಂದ್ರದವರು, ಸದಸ್ಯರು ಕರ್ನಾಟಕ, ಆಂಧ್ರ, ತೆಲಂಗಾಣದವರು. ಬೆಂಗಳೂರಿನಲ್ಲಿ ಕೇಳಿದರೆ ಮಂಡಳಿಯ ಕಡೆ ಕೈ ತೋರಿಸುತ್ತಾರೆ, ಮಂಡಳಿ ರಾಜ್ಯಗಳ ಕಡೆ ತೋರಿಸುತ್ತದೆ. ಹೂಳಿನ ಕಥೆಯೂ ಇದೇ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ನಿಲ್ಲುವುದು 105 ಟಿಎಂಸಿ ಚಿಲ್ಲರೆ. ಬೇಸತ್ತ ರೈತರು ತುಂಗಭದ್ರಾ ರೈತ ಸಂಘದ ಮುಂದಾಳತ್ವದಲ್ಲಿ 2017ರ ಮೇ ತಿಂಗಳಲ್ಲಿ ತಾವೇ ಜಲಾಶಯಕ್ಕೆ ಇಳಿದು ಹೂಳೆತ್ತಿದರು. 'ಹೂಳಿನ ಜಾತ್ರೆ' ಎಂದು ಹೆಸರಿಟ್ಟರು. ಎತ್ತಿದ ಹೂಳು ಜಲಾಶಯದ ಲೆಕ್ಕಕ್ಕೆ ಬೊಗಸೆಯಷ್ಟು ಎಂಬುದು ಅವರಿಗೂ ಗೊತ್ತಿತ್ತು. ಮಂಡಳಿ, ಮೂರು ರಾಜ್ಯ, ಕೇಂದ್ರ ಯಾರೂ ಮಾಡದ ಕೆಲಸವನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿಕೊಟ್ಟ ಪ್ರತಿಭಟನೆ ಅದು. ಈ ಸೀಮೆಯಲ್ಲಿ ನಡೆದ ಚಳವಳಿಗಳಲ್ಲಿ ಅಷ್ಟು ಗೌರವಯುತವಾದದ್ದು ಕಡಿಮೆ.

ದಿನನಿತ್ಯದ ಲೆಕ್ಕ ಇನ್ನೂ ಕೆಳಗೆ, ಕಾಲುವೆಯಲ್ಲಿ ನಡೆಯುತ್ತದೆ. ಕೆಳಮಟ್ಟದ ಕಾಲುವೆಯ ಉಪಕಾಲುವೆ ಒಡೆಯುವ ಜಾಗದಲ್ಲಿ ಗೋಡೆಗೆ ಬರೆದ ಅಡಿಗಳ ಗುರುತು ಇರುತ್ತದೆ. ರೈತರ ಬಾಯಲ್ಲಿ ಅದು ಗೇಜ್. ಮೇಲೆ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಗೇಜ್ ಇಳಿಯುತ್ತದೆ, ಕೊನೆಯಂಚಿನ ಸಿರುಗುಪ್ಪದ ಗದ್ದೆ ಬಿರುಕು ಬಿಡುತ್ತದೆ. ಎಷ್ಟು ಗೇಜ್ ಬಿಡಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯ ತೀರ್ಮಾನದಿಂದ ಬರುತ್ತದೆ, ಎಷ್ಟು ಬಂತು ಎಂಬುದು ಗೋಡೆಯ ಮೇಲೆ ಕಾಣುತ್ತದೆ. ಅಧಿಕಾರಿ ಬರೆದ ದಿನಚರಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು, ರೈತರೇ ದಿನಕ್ಕೆರಡು ಬಾರಿ ನೋಡಿ ಬರೆದ ಅಂಕಿಯ ಜೊತೆ ಇಟ್ಟರೆ ವ್ಯತ್ಯಾಸ ತಾನೇ ಮಾತಾಡುತ್ತದೆ. ಬಂದರಿನಲ್ಲಿ ಯು.ವಿ. ಸಿಂಗ್ ಮಾಡಿದ್ದು ಇದನ್ನೇ.

ಕಂಪನಿಗಳ ವಿಷಯಕ್ಕೆ ಬಂದರೆ ಬಳ್ಳಾರಿ–ಹೊಸಪೇಟೆ ಹೆದ್ದಾರಿಯ ಕುಡತಿನಿಯನ್ನು ಬಿಟ್ಟು ಮುಂದೆ ಹೋಗಲಾಗದು. 2010ರ ಸುಮಾರಿಗೆ ಆರ್ಸೆಲರ್ ಮಿತ್ತಲ್, ಬ್ರಹ್ಮಣಿ, ಎನ್‌ಎಂಡಿಸಿ ಉಕ್ಕಿನ ಕಾರ್ಖಾನೆಗಳಿಗೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕುಡತಿನಿ ಮತ್ತು ಸುತ್ತಲಿನ ಹಳ್ಳಿಗಳ ಸಾವಿರಾರು ಎಕರೆ ಸ್ವಾಧೀನಪಡಿಸಿಕೊಂಡಿತು. ಮನೆಗೊಂದು ಕೆಲಸ ಎಂಬ ಆಸೆ ಇತ್ತು. ಹೇಳಿದ ಉಕ್ಕಿನ ಕಾರ್ಖಾನೆಗಳು ಏಳಲಿಲ್ಲ. ಪಹಣಿಯಲ್ಲಿ ಹೆಸರು ಹೋಯಿತು, ಹೊಲ ಬೀಳುಬಿತ್ತು, ಕೊಟ್ಟ ಪರಿಹಾರ ತೀರಾ ಕಡಿಮೆ ಎಂಬ ಕೂಗು ಉಳಿಯಿತು. 2022ರ ಡಿಸೆಂಬರ್‌ನಲ್ಲಿ ಭೂಸಂತ್ರಸ್ತರು ಧರಣಿ ಕೂತರು, ಮಳೆ–ಬಿಸಿಲು ಕಂಡು ವರ್ಷಗಳ ಕಾಲ ಕೂತರು. ನ್ಯಾಯವಾದ ಬೆಲೆ ಕೊಡಿ, ಕಾರ್ಖಾನೆ ಕಟ್ಟಿ ಕೆಲಸ ಕೊಡಿ, ಆಗದಿದ್ದರೆ ಭೂಮಿ ವಾಪಸ್ ಕೊಡಿ ಎಂಬುದು ಅವರ ಬೇಡಿಕೆ. ಇದರಲ್ಲಿ ಯಾವುದು ಅತಿಯಾಸೆ?

ಅದೇ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ತೋರಣಗಲ್ಲಿನ ಜಿಂದಾಲ್ ಭೂಮಿಯ ಪ್ರಶ್ನೆ ಇದೆ. ಗುತ್ತಿಗೆಯಲ್ಲಿದ್ದ 3,667 ಎಕರೆಯನ್ನು ಜೆಎಸ್‌ಡಬ್ಲ್ಯು ಕಂಪನಿಗೆ ಎಕರೆಗೆ ಸುಮಾರು 1.22 ಲಕ್ಷ ಮತ್ತು 1.5 ಲಕ್ಷ ರೂಪಾಯಿಯಂತೆ ಶುದ್ಧಕ್ರಯ ಮಾಡಿಕೊಡುವ ಪ್ರಸ್ತಾವ 2019ರಲ್ಲಿ ಬಂದಾಗ ಜನಸಂಘಟನೆಗಳು, ಆಡಳಿತ–ವಿರೋಧ ಎರಡೂ ಕಡೆಯ ಕೆಲವು ಶಾಸಕರು ವಿರೋಧಿಸಿದರು. ಹಳೆಯ ಒಪ್ಪಂದದಲ್ಲೇ ಬೆಲೆ ಗೊತ್ತಾಗಿತ್ತು ಎಂಬುದು ಕಂಪನಿ ಮತ್ತು ಸರ್ಕಾರದ ವಾದ. 2021ರ ಏಪ್ರಿಲ್‌ನಲ್ಲಿ ಸಂಪುಟ ಒಪ್ಪಿತು, ಗದ್ದಲವಾಗಿ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಬೇರೆ ಪಕ್ಷದ ಸರ್ಕಾರ ಅದಕ್ಕೇ ಒಪ್ಪಿಗೆ ಕೊಟ್ಟಿತು. ಮೂರು ಮುಖ್ಯಮಂತ್ರಿಗಳ ಕಾಲದಲ್ಲಿ ಒಂದೇ ಕಡತ ಓಡಾಡಿತು. ಜನ ಕಾವಲಿದ್ದಾಗ ಅದು ನಿಂತಿತು, ಜನರ ಗಮನ ಬೇರೆ ಕಡೆ ತಿರುಗಿದಾಗ ಸಾಗಿತು. ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆಗೂ ಮೊದಲು ಈ ಪಾಠ ಕಲಿಯಬೇಕು.

ಬಳ್ಳಾರಿ ನಗರಕ್ಕೆ ತೀರಾ ಹತ್ತಿರದ ನೋವು 2024ರ ನವೆಂಬರಿನದು. ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಅನುಮಾನ ಬಿದ್ದದ್ದು ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್ ಕಂಪನಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ತಿರಸ್ಕರಿಸಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದ ಮೇಲೆ ಬಳಕೆ ಮತ್ತೆ ಶುರುವಾಗಿತ್ತು. ಸಾವುಗಳ ನಂತರ ಔಷಧ ನಿಯಂತ್ರಕರ ಅಮಾನತಾಯಿತು, ಕುಟುಂಬಗಳಿಗೆ ಪರಿಹಾರ ಬಂತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರದಲ್ಲೂ ಬಾಣಂತಿಯೊಬ್ಬರ ಸಾವಿನಲ್ಲಿ ಇದೇ ಕಂಪನಿಯ ದ್ರಾವಣದ ಹೆಸರು ಕೇಳಿಬಂತು. ಬಾಟಲಿಯ ಮೇಲಿನ ಬ್ಯಾಚ್ ನಂಬರ್, ಅದರ ಪರೀಕ್ಷೆಯ ಫಲಿತಾಂಶ, ಗುತ್ತಿಗೆ ಕೊಟ್ಟ ದಿನ ಎಲ್ಲವೂ ಯಾವುದೋ ಕಚೇರಿಯಲ್ಲಿ ಬರೆದಿಟ್ಟ ಅಕ್ಷರಗಳೇ. ಪ್ರತಿ ಬ್ಯಾಚಿನ ಫಲಿತಾಂಶವನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿ ಎಂದು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೇಳುವವರು ಇದ್ದರೆ ತಡೆಯಬಹುದಾದ ಸಾವುಗಳಿವೆ. ತಾಯಿಯಿಲ್ಲದ ಐದು ಮನೆಗಳ ಮುಂದೆ ನಿಂತು ಇದನ್ನು ಹೇಳಬೇಕಾಗಿ ಬಂದಿರುವುದು ಸಂಕಟದ ಮಾತು.

ಕೇಳುವ ಸಾಧನ ಕೈಯಲ್ಲೇ ಇದೆ. ರಾಜಸ್ಥಾನದ ಕೋಟ್‌ಕಿರಾನಾ ಹಳ್ಳಿಯಲ್ಲಿ 1994ರ ಡಿಸೆಂಬರ್ 2ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಪಂಚಾಯಿತಿಯ ಕೂಲಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿತು. ಕೆಲಸಕ್ಕೇ ಹೋಗದವರ ಹೆಸರು ಅದರಲ್ಲಿ ಬಂದಾಗ ಊರು ಎದ್ದುನಿಂತಿತು. ಅಲ್ಲಿಂದ ಬೆಳೆದ ಚಳವಳಿ 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ಕರ್ನಾಟಕದ್ದೇ ಆದ ಕಾಯ್ದೆ ಅದಕ್ಕೂ ಮೊದಲು, 2000ದಲ್ಲಿ ಬಂದಿತ್ತು. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು ಎಲ್ಲರಿಗೂ ಗೊತ್ತು. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಇದನ್ನು ಮರೆತು ತಿರಸ್ಕೃತವಾಗುವ ಅರ್ಜಿಗಳು ಬಹಳ. ಕಾಗದ ಕೇಳುವುದಷ್ಟೇ ಹಕ್ಕು ಎಂದು ಹೆಚ್ಚಿನವರು ತಿಳಿದಿದ್ದಾರೆ. ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಕುರುಗೋಡಿನ ಹೊಸ ರಸ್ತೆಯ ಜಲ್ಲಿ–ಸಿಮೆಂಟನ್ನು ಹೀಗೆ ಪಡೆದು ಪರೀಕ್ಷೆಗೆ ಕಳಿಸಬಹುದು. ಮಾಹಿತಿ ಕೊಡದಿದ್ದರೆ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದಲ್ಲಿ ಮಾಹಿತಿ ಆಯೋಗಕ್ಕೆ ಎರಡನೆಯದು. ತಪ್ಪಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ.

ಈ ಹಕ್ಕು ಈಗ ಸವೆಯುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಕಲಂ, ವೈಯಕ್ತಿಕ ಮಾಹಿತಿ ಎಂಬ ಒಂದೇ ನೆಪದಲ್ಲಿ ಉತ್ತರ ನಿರಾಕರಿಸಲು ದಾರಿ ಮಾಡಿದೆ. ಅಧಿಕಾರಿಯ ಹೆಸರಿಲ್ಲದ ಲೆಕ್ಕ ಲೆಕ್ಕವೇ ಅಲ್ಲ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬೇಕು ಎಂಬ 8(2) ಕಲಂ ಇನ್ನೂ ಉಳಿದಿದೆ. ಅರ್ಜಿಯಲ್ಲಿ ಅದನ್ನು ಬಿಡದೆ ನಮೂದಿಸಬೇಕು. ಇನ್ನೊಂದು ಅಪಾಯ ಜೀವದ್ದು. ನೆರೆಯ ಹರಪನಹಳ್ಳಿಯಲ್ಲಿ 2021ರ ಜುಲೈನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತರೊಬ್ಬರ ಕೊಲೆಯಾಯಿತು. ಭ್ರಷ್ಟಾಚಾರ ಬಯಲಿಗೆಳೆಯುವವರನ್ನು ಕಾಪಾಡಲು ಸಂಸತ್ತು 2014ರಲ್ಲೇ ಕಾಯ್ದೆ ಮಾಡಿದೆ. ಅದು ಜಾರಿಗೇ ಬಂದಿಲ್ಲ. ಒಬ್ಬನೇ ಅರ್ಜಿ ಹಾಕಿದರೆ ಬೆದರಿಕೆ ಅವನ ಮನೆ ಬಾಗಿಲಿಗೆ ಬರುತ್ತದೆ. ಇಪ್ಪತ್ತು ಜನ ಇಪ್ಪತ್ತು ಅರ್ಜಿ ಹಾಕಿದರೆ ಬೆದರಿಸುವವನಿಗೆ ದಿಕ್ಕು ತೋಚುವುದಿಲ್ಲ. ಸಂಘಟನೆಯ ಬೆಲೆ ಇರುವುದು ಇಲ್ಲಿ. ಮಾಹಿತಿ ಹಕ್ಕನ್ನು ಹಣ ಕೀಳಲು ಬಳಸುವವರೂ ಇದ್ದಾರೆ. ಅವರನ್ನು ಹೊರಗಿಡಬೇಕಾದವರೂ ಸಂಘಟನೆಯವರೇ.

ಈ ಉಪನ್ಯಾಸ ಕೇಳಿದವರಲ್ಲಿ, ಓದಿದವರಲ್ಲಿ ಒಂದು ವಿನಂತಿ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ. ನಗರದಲ್ಲಿದ್ದರೆ ವಾರ್ಡ್ ಸಮಿತಿಯನ್ನು ಕೇಳಿ. ಜಿಲ್ಲಾ ಖನಿಜ ನಿಧಿಯಿಂದ ಮತ್ತು ಪುನಶ್ಚೇತನ ನಿಗಮದಿಂದ ನಿಮ್ಮ ತಾಲ್ಲೂಕಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಮೊತ್ತ, ಗುತ್ತಿಗೆದಾರ, ಮುಗಿಯಬೇಕಾದ ದಿನ, ಇಷ್ಟನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲು ಹೇಳಿ. ಓದದಿದ್ದರೆ ಓದಲಿಲ್ಲ ಎಂಬುದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಮಾಡಿಸಿ, ಪ್ರತಿ ಪಡೆಯಿರಿ. ಸಿರುಗುಪ್ಪ ಮತ್ತು ಕುರುಗೋಡಿನ ಕಾಲೇಜುಗಳ ವಿದ್ಯಾರ್ಥಿಗಳು ಆ ಪಟ್ಟಿ ಹಿಡಿದು ಊರೂರು ತಿರುಗಿ ಯಾವ ಕೆಲಸ ನಡೆದಿದೆ, ಯಾವುದು ನಡೆದಿಲ್ಲ ಎಂದು ಗುರುತು ಹಾಕಲಿ.